ಕಂಡಕ್ಟರ್ ಗಾಡಿಯ ನಾಲ್ಕು ದೀಪ

ಟಿಕ್… ಟಿಕ್… ಟಿಕ್… ಕೊಟ್ಟೂರಿನ ದಾರಿಯಲ್ಲಿ ನಾವು ಹೆಂಗಸರು ದಣಿದು ಯಾವುದಾದರೂ ಸೇತುವೆಯ ಕಟ್ಟೆಯ ಮೇಲೆ ಕೂತಾಗ, ಹಿಂದೆ ಬರುತ್ತಿದ್ದ ಹಳೆಯ ಮೋಟರ್‌ಸೈಕಲ್ಲಿನ ಎಂಜಿನ್ ಆರುತ್ತಿತ್ತು. ಆಗ ಈ ಸದ್ದು ಕೇಳುತ್ತಿತ್ತು. ಅದರ ಜೊತೆಗೇ ನಾಲ್ಕು ಹಳದಿ ದೀಪಗಳು ಒಟ್ಟಿಗೆ ಹತ್ತಿ ಆರುತ್ತಿದ್ದವು. ಇನ್ನೂ ಬೆಳಕು ಹರಿಯದ ಆ ಹೊತ್ತಿನಲ್ಲಿ ಗಾಡಿಗೆ ಒರಗಿ ನಿಂತ ಕಂಡಕ್ಟರರ ಮುಖ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ.

ಅವರು ಕೂಡ್ಲಿಗಿಯಲ್ಲಿ ನಮ್ಮ ಪಕ್ಕದ ಮನೆಯವರು. ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ರಿಟೈರ್ ಆದವರು. ಚರ್ಮದ ಚೀಲ ತೂಗಿ ತೂಗಿ ಒಂದು ಭುಜ ಇಳಿದೇ ಹೋಗಿತ್ತು. ಮನೆಯಲ್ಲೂ ಬಸ್ಸಿನದೇ ಭಾಷೆ. ಹೆಂಡತಿ ತಟ್ಟೆಗೆ ಅನ್ನ ಬಡಿಸುವಾಗ ಸಾಕು ಎನ್ನುವ ಬದಲು ‘ಹೋಲ್ಡಾನ್’ ಎನ್ನುತ್ತಿದ್ದರು, ಊಟ ಮುಗಿದರೆ ‘ರೈಟ್’. ನಾನು ಕಾಂಪೌಂಡಿನ ಈ ಕಡೆ ನಿಂತು ನಗುತ್ತಿದ್ದೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳಿಗೆ ನೈಬರ್ಸ್ ಅಂದರೆ ಇವರಿಬ್ಬರೇ.

ಹೆಂಡತಿಗೆ ಒಂದು ಹರಕೆ ಇತ್ತು. ಗಂಡನ ಬಸ್ಸು ಒಮ್ಮೆ ಹಳ್ಳಕ್ಕೆ ಉರುಳಿದಾಗ ಈತ ಗೀರೂ ಇಲ್ಲದೆ ಎದ್ದು ಬಂದಿದ್ದರಂತೆ. ಅಂದಿನಿಂದ ಆಕೆ ಅಮಾವಾಸ್ಯೆಗೊಮ್ಮೆ ಬರಿಗಾಲಲ್ಲಿ ಕೊಟ್ಟೂರಿನ ಗುಡಿಗೆ ನಡೆಯುತ್ತಿದ್ದಳು. ಓಣಿಯ ಇನ್ನೊಂದಿಷ್ಟು ಹೆಂಗಸರು ಜೊತೆಗೆ. ಕಡೆಗೆ ನಾನೂ ಸೇರಿದೆ. ಟು ಬಿ ಫ್ರ್ಯಾಂಕ್, ನನ್ನನ್ನು ನಡೆಸಿದ್ದು ಭಕ್ತಿಯಲ್ಲ, ಶುಗರ್. ಬಿಸಿಲೇರುವ ಮೊದಲೇ ಮುಟ್ಟಬೇಕೆಂದು ನಸುಕಿನಲ್ಲೇ ಹೊರಡುತ್ತಿದ್ದೆವು, ಮಧ್ಯಾಹ್ನದ ಬಸ್ಸಿಗೆ ಮರಳುತ್ತಿದ್ದೆವು. ಕಂಡಕ್ಟರಿಗೆ ಮೊಣಕಾಲು ನೋವು, ನಡೆಯಲಾರರು. ಅದಕ್ಕೇ ಮದುವೆ ಬ್ರೋಕರನಂತೆ ಹಿಂದೆ ಹಿಂದೆ ಗಾಡಿಯ ಮೇಲೆ ಬರುವುದು.

“ನೀವು ಮುಂದ ಹೋಗಿ ಛಾ ಕುಡಕೋತ ಕುಂದರ್ರಲ್ಲಾ, ಇಷ್ಟು ಸಾವಕಾಶ ಗಾಡಿ ಹೊಡದ್ರ ಬೀಳ್ತೀರಿ” ಎಂದು ನಾನು ಒಮ್ಮೆ ಹೇಳಿದ್ದೆ.

“ಟೀಚರಮ್ಮಾರ, ಬಸ್ಸಿನಾಗ ಮುಂದ ನೋಡಾಕ ಡ್ರೈವರ್ ಇರ್ತಾನ. ಹಿಂದಿಂದು ನಂದು. ಮೂವತ್ತು ವರ್ಷದ ಚಟ, ಈಗೆಲ್ಲಿ ಬಿಡ್ತೈತಿ?”

ಆಗ ಗಾಡಿಗೆ ನಾಲ್ಕೂ ದೀಪ ಒಟ್ಟಿಗೆ ಮಿನುಗಿಸುವ ಹಜಾರ್ಡ್ ಲೈಟ್ ಇರಲಿಲ್ಲ. ಹಳೆಯ ಮಾಡೆಲ್, ಬರೀ ಎಡ ಬಲ ಇಂಡಿಕೇಟರ್. ಹಿಂದಿನ ಲಾರಿಗಳು ದೂರ ಸರಿದು ಹೋಗಲಿ ಎಂದು ಅವರು ಬಲಗಡೆಯ ಇಂಡಿಕೇಟರ್ ಹಾಕಿಕೊಂಡೇ ಬರುತ್ತಿದ್ದರು. ಒಂದು ಚಳಿಗಾಲದ ಮಂಜಿನಲ್ಲಿ ಮೆಕ್ಕೆಜೋಳದ ಲಾರಿಯೊಂದು ಬಂತು. ಈ ಮನುಷ್ಯ ಬಲಕ್ಕೆ ತಿರುಗುತ್ತಾನೆ ಎಂದುಕೊಂಡ ಡ್ರೈವರ್ ಲಾರಿಯನ್ನು ಎಡಕ್ಕೆ ಎಳೆದ. ಎಡಕ್ಕೆ ನಾವಿದ್ದೆವು. ಗಾಳಿಯೇ ದಬ್ಬಿದಂತಾಯಿತು. ಕಂಡಕ್ಟರ್ ಹೆಂಡತಿ ಜಾಲಿ ಪೊದೆಯಲ್ಲಿ ಬಿದ್ದಿದ್ದಳು, ಮೊಣಕೈ ತುಂಬ ರಕ್ತ, ಸೆರಗು ಮುಳ್ಳಿನಲ್ಲಿ. ಲಾರಿ ನಿಲ್ಲಲೇ ಇಲ್ಲ.

ಆಕೆ ಎದ್ದಳು. ಏಳಲಾರದೆ ಕೂತವರು ಈತ. ರಸ್ತೆಯ ಮಣ್ಣಿನಲ್ಲೇ ಕೂತು, “ಲಾರಿಯವಂದೇನು ತಪ್ಪು? ನಾನ ಕೈ ಮಾಡಿ ಅವನ್ನ ನಿನ್ನ ಮ್ಯಾಲೆ ಕರದೆನಲ್ಲ” ಎಂದರು. ಆಮೇಲೆ, “ಸಾಕು ಮಾಡು. ನಿನಗ ಕೈ ಮುಗಿತೀನಿ. ಹರಕಿ ಮುಗೀತು ಅನ್ನು” ಎಂದರು.

ಆಕೆ ಸೆರಗು ಬಿಡಿಸಿಕೊಳ್ಳುತ್ತಾ, “ನೀ ಇರೂತನ ನಡೀತೀನಿ ಅಂದೀನಿ. ಮುಗೀತು ಅಂದ್ರ ಏನರ್ಥ? ಏಳು, ಬಿಸಿಲಾಗ್ತೈತಿ” ಎಂದಳು.

ಹೌ ಆಬ್ಸ್ಟಿನೇಟ್, ಎಂಥ ಹಟ ಎಂದು ನನಗೆ ಆಗ ಸಿಟ್ಟೇ ಬಂದಿತ್ತು. ಅವಳು ಅವರ ಜೀವಕ್ಕಾಗಿ ನಡೆಯುತ್ತಿದ್ದಳು, ಅವರು ಅವಳ ಜೀವ ಕಾಯುತ್ತಾ ಹಿಂದೆ ಬರುತ್ತಿದ್ದರು. ನಿಲ್ಲಿಸೋಣವೆಂದರೆ ಇಬ್ಬರಲ್ಲಿ ಯಾರನ್ನು ನಿಲ್ಲಿಸುವುದು?

ಮರುದಿನವೇ ಅವರು ಗಾಡಿ ತಳ್ಳಿಕೊಂಡು ಎಲೆಕ್ಟ್ರಿಷಿಯನ್ ಹತ್ತಿರ ಹೋದರು. ಅವನು ಎಡದ ವೈರು ಬಲದ ವೈರು ಎರಡನ್ನೂ ಸೇರಿಸಿ ಒಂದು ಸ್ವಿಚ್ ಕೂರಿಸಿ ಕಳಿಸಿದ. ನಾಲ್ಕೂ ದೀಪ ಮಿನುಗಿದವು, ಆದರೆ ಎಡಕ್ಕೆ ತಿರುಗಬೇಕೆಂದರೂ ನಾಲ್ಕೂ ಮಿನುಗುತ್ತಿದ್ದವು. ಓಣಿಯ ತಿರುವಿನಲ್ಲಿ ಹೆಂಡತಿ ನನ್ನನ್ನು ಕರೆದು, “ನೋಡ್ರಿ ಅಕ್ಕಾರ, ಈ ವಯಸ್ಸಿನಾಗ ಎರಡೂ ಕಣ್ಣು ಹೊಡಿಯಾಕ ಹತ್ತ್ಯಾನ” ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

“ನಗು, ನಗು. ಹಿಂದಿನವಗ ತಿಳೀಬೇಕು, ನಿನಗಲ್ಲ” ಎಂದು ಅವರು ಮತ್ತೆ ಹೋದರು. ಈ ಸಲ ಎಲೆಕ್ಟ್ರಿಷಿಯನ್ ವೈರುಗಳ ನಡುವೆ ಡಯೋಡ್ ಎಂಬ ಮೆಣಸಿನಕಾಳಿನಷ್ಟು ಗಾತ್ರದ್ದೇನನ್ನೋ ಕೂರಿಸಿದನಂತೆ. ಅರ್ಥವಾಗದ ನನ್ನ ಮುಖ ನೋಡಿ ಕಂಡಕ್ಟರ್ ವಿವರಿಸಿದರು: “ಹಿಂದಿನ ಬಾಗ್ಲಾಗ ಹತ್ತಬೇಕು, ಮುಂದಿನ ಬಾಗ್ಲಾಗ ಇಳೀಬೇಕು. ಉಲ್ಟಾ ಬಂದ್ರ ಬಿಡಂಗಿಲ್ಲ. ಕರೆಂಟಿಗೂ ಕಂಡಕ್ಟರ್ ಇಟ್ಟಾರ್ರಿ ಟೀಚರಮ್ಮಾರ.”

ಗಾಡಿ ನಮ್ಮ ನಡಿಗೆಯ ವೇಗಕ್ಕೆ ಬಂದರೆ ಬ್ಯಾಟರಿ ತುಂಬುವುದಿಲ್ಲ, ಅರ್ಧ ದಾರಿಗೇ ದೀಪ ಮಂಕಾಗುತ್ತದೆ ಎಂಬುದು ಆಮೇಲಿನ ಅಮಾವಾಸ್ಯೆಗೆ ತಿಳಿಯಿತು. ಹಳೆಯ ಬಲ್ಬು ಕಿತ್ತು ಎಲ್‌ಇಡಿ ಹಾಕಿಸಿದರು. ದೀಪ ಮಿನುಗಿಸುವ ಫ್ಲ್ಯಾಷರೂ ಬದಲಾಯಿತು. ಆಮೇಲೆ ನೋಡಬೇಕಿತ್ತು! ದೂರದಲ್ಲೇ ಲಾರಿಗಳು ನಿಧಾನವಾಗುತ್ತಿದ್ದವು, ಹಾರ್ನ್ ಇಲ್ಲದೆ ಅಗಲಕ್ಕೆ ಸರಿದು ಹೋಗುತ್ತಿದ್ದವು. ಪ್ರತಿ ಲಾರಿಗೂ ಇವರು ಕೈಯೆತ್ತಿ “ರೈಟ್, ರೈಟ್!” ಎನ್ನುತ್ತಿದ್ದರು.

ಕಳೆದ ವರ್ಷ ಅವರ ಹೃದಯ ಸೋತಿತು. ಬಳ್ಳಾರಿಯ ಡಾಕ್ಟರ್ ಗಾಡಿ ಮುಟ್ಟಬಾರದು ಎಂದರು. ಆ ಅಮಾವಾಸ್ಯೆಯ ಹಿಂದಿನ ಸಂಜೆ ಕಾಂಪೌಂಡಿನ ಹತ್ತಿರ ಬಂದು ಮೆತ್ತಗೆ ಹೇಳಿದರು, “ಆಕಿ ಬಿಡಂಗಿಲ್ಲ, ನಿಮಗ ಗೊತ್ತೈತಿ. ಬೆಳಕು ಹರದ ಮ್ಯಾಲೆ ಹೊಂಡ್ರಿ. ಎಲ್ಲಾರಕಿಂತ ಹಿಂದ ನೀವು ಇರ್ರಿ, ಆಗಾಗ ತಿರುಗಿ ನೋಡ್ರಿ. ಇಷ್ಟು ಮಾಡ್ತೀರೇನು?”

“ಐ ಪ್ರಾಮಿಸ್” ಎಂದೆ. ಅವರಿಗೆ ಅಷ್ಟು ಇಂಗ್ಲಿಷ್ ಸಾಕಿತ್ತು.

ಮರುದಿನ ಮಧ್ಯಾಹ್ನ ನಾವು ಮರಳುವಷ್ಟರಲ್ಲಿ ಅವರನ್ನು ಆಸ್ಪತ್ರೆಗೆ ಒಯ್ದಿದ್ದರು. ಹೆಂಡತಿ ನೇರ ಅಲ್ಲಿಗೆ ಓಡಿದಳು. ಅವರು ಜೀವಂತ ಮನೆಗೆ ಬರಲಿಲ್ಲ. ಮುಚ್ಚಿದ ಬಿಳಿ ಬಟ್ಟೆಯ ಹತ್ತಿರಕ್ಕೆ ನಾನು ಹೋಗಲಿಲ್ಲ. ನಾನು ಅವರನ್ನು ಕೊನೆಯದಾಗಿ ನೋಡಿದ್ದು ಆ ಬೆಳಿಗ್ಗೆಯೇ ಎಂದು ಇಟ್ಟುಕೊಂಡಿದ್ದೇನೆ.

ನಮ್ಮ ಮನೆಗಳನ್ನು ದಾಟಿದರೆ ಕೊಟ್ಟೂರು ರಸ್ತೆಗೆ ಒಂದು ಇಕ್ಕಟ್ಟಾದ ಸೇತುವೆ. ಮಾತು ಕೊಟ್ಟಿದ್ದೆನಲ್ಲ, ಆ ಬೆಳಿಗ್ಗೆ ಹೊರಟು ಅದರ ಮೇಲೆ ಬಂದಾಗ ತಿರುಗಿ ನೋಡಿದೆ. ಮನೆಯ ಮುಂದೆ, ನಡುರಸ್ತೆಯಲ್ಲಿ, ಬನಿಯನ್ನಿನ ಮೇಲೆ ಟವೆಲ್ ಹೊದ್ದು ಅವರು ನಿಂತಿದ್ದರು. ನಮ್ಮ ಕಡೆಗೆ ಬೆನ್ನು. ಎರಡೂ ಕೈ ಅಗಲಿಸಿದ್ದರು. ಅವರೆದುರು ಹುಲ್ಲು ತುಂಬಿದ ಟ್ರ್ಯಾಕ್ಟರೊಂದು ಎಂಜಿನ್ ಗುರುಗುಟ್ಟಿಸುತ್ತಾ ನಿಂತಿತ್ತು. ಡ್ರೈವರ್ ಏನೋ ಬೈಯುತ್ತಿದ್ದ, ಇವರು ಕೈ ಇಳಿಸುತ್ತಿರಲಿಲ್ಲ.

ಮುಂದೆ ನಡೆಯುತ್ತಿದ್ದ ಅವರ ಹೆಂಡತಿ ತಿರುಗದೆಯೇ ಕೂಗಿ ಕೇಳಿದಳು, “ಹಿಂದ ಏನರ ಬರಾಕ ಹತ್ತೈತೇನ್ರಿ ಅಕ್ಕಾರ?”

“ಒಂದು ಟ್ರ್ಯಾಕ್ಟರ್ ಐತಿ” ಎಂದೆ. “ನಿಂತೈತಿ. ನೀ ನಡಿ.”