ಐದು ಜನ, ಒಂದೇ ಕುರ್ಚಿ

ಸಂದರ್ಶನದ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ನಾವು ಹೋಗಿದ್ದು ಐದು ಜನ.

ಅಮ್ಮ, ಸೋದರಮಾವ ತಿಪ್ಪೇಸ್ವಾಮಿ, ಅತ್ತೆ, ಹಿಂದೂಪುರವನ್ನು ಹಿಂದೆ ಒಮ್ಮೆ ನೋಡಿದ್ದಾರೆ ಎಂಬ ಒಂದೇ ಅರ್ಹತೆಯ ಮೇಲೆ ದೊಡ್ಡಪ್ಪ, ಕೊನೆಗೆ ಕೆಲಸ ಬೇಕಾಗಿದ್ದ ನಾನು. ಕಂಬದೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಬೆಳಗ್ಗೆಯೇ ಮಾವನ ಜೀಪಿನಲ್ಲಿ ಹೊರಟಿದ್ದೆವು. ದಿನವೂ ಕಲ್ಯಾಣದುರ್ಗಕ್ಕೆ ಜನರನ್ನು ತುಂಬಿಕೊಂಡು ಓಡುವ ಜೀಪು ಅದು. ನನ್ನ ಸಂದರ್ಶನದ ದಿನ ಅದಕ್ಕೂ ರಜೆ. ನಮ್ಮ ಕಡೆ ಯಾವ ಒಳ್ಳೆಯ ಕೆಲಸಕ್ಕೂ ಒಬ್ಬರೇ ಹೋಗುವ ಪದ್ಧತಿಯಿಲ್ಲ. ಬೋರ್‌ವೆಲ್ ಜಾಗ ನೋಡಲು, ಎಮ್ಮೆ ನೋಡಲು, ಹೆಣ್ಣು ನೋಡಲು, ಎಲ್ಲಕ್ಕೂ ನಾಲ್ಕು ಜನ ಬೇಕು. ಮಾತು ದೊಡ್ಡವರದು. ಚಿಕ್ಕವರು ತಲೆ ತಗ್ಗಿಸಿ ಕೂತರೆ ಸಾಕು.

ಅದು ಹಿಂದೂಪುರದ ಒಂದು ಕಡಲೆಕಾಯಿ ಚಿಕ್ಕಿ ತಯಾರಿಸುವ ಕಾರ್ಖಾನೆ. ಲಾರಿಯಲ್ಲಿ ಬರುವ ಕಾಯನ್ನು ಪರೀಕ್ಷಿಸಿ ಇಳಿಸಿಕೊಳ್ಳುವ ಕೆಲಸಕ್ಕೆ ಜನ ಬೇಕಾಗಿತ್ತು. ಮೇಜಿನ ಆಚೆ ಕೂತಿದ್ದ ಮೇಡಂ ನನ್ನ ಹೆಸರು ಕೇಳಿದರು. ಮಾವ ಹೇಳಿದ. ಓದು ಕೇಳಿದರು. ಬಿ.ಎಸ್ಸಿ. ಎಂದು ದೊಡ್ಡಪ್ಪ ಹೇಳಿದರು. "ನಿಮ್ಮ ಬಗ್ಗೆ ಸ್ವಲ್ಪ ಹೇಳಿ" ಎಂದಾಗ ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ನನ್ನ ಕುರ್ಚಿಯ ಬೆನ್ನು ಹಿಡಿದು ಶುರುಮಾಡಿಯೇಬಿಟ್ಟ.

"ಭಾಳ ಒಳ್ಳೇ ಹುಡ್ಗಿ ಮೇಡಂ. ಯಾರ್ಗೂ ಎದುರು ಮಾತಾಡಲ್ಲ. ತಲೆ ಎತ್ತಿ ನೋಡಲ್ಲ. ಏನ್ ಕೊಟ್ರೂ ಬ್ಯಾಡ ಅನ್ನಲ್ಲ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಅಯ್ಯೋ ಅಣ್ಣಾ, ನಮಗೆ ಬೇಕಾಗಿರೋದೇ ಬೇಡ ಅನ್ನೋರು. ಲಾರಿ ತುಂಬ ಒದ್ದೆ ಕಾಯಿ ತಂದು ನಿಲ್ಸಿದ್ರೆ ಮುಖಕ್ಕೆ ಮುಖ ಕೊಟ್ಟು ವದ್ದು ಅನ್ಬೇಕು." ವದ್ದು ಎಂದರೆ ತೆಲುಗಿನಲ್ಲಿ ಬೇಡ ಎಂದರ್ಥ. ನನಗಂತೂ ಆ ದಿನ ಎರಡೂ ಭಾಷೆಯಲ್ಲಿ ಅದೇ ಉತ್ತರ ಸಿಕ್ಕಿತು.

ಗೇಟಿನ ಹೊರಗೆ ಬೇವಿನ ಮರದಡಿ ಕೂತು ಅತ್ತೆ ಕಟ್ಟಿ ತಂದಿದ್ದ ಚಿತ್ರಾನ್ನ ತಿಂದೆವು. "ಇರೋ ಒಳ್ಳೇ ಗುಣ ಎಲ್ಲಾ ಹೇಳ್ಬುಟ್ಟೆ ಕಣಮ್ಮ, ಆದ್ರೂ ಬ್ಯಾಡ ಅಂದ್ಬುಟ್ರಲ್ಲ, ಇದ್ಯಾವೂರು!" ಎಂದು ಮಾವ ಊಟ ಮುಗಿಯುವವರೆಗೂ ಪೇಚಾಡಿದ. ನನಗೆ ನಗುವೂ ಬಂತು, ಅಳುವೂ ಬಂತು. ಅಮ್ಮ ಆಗಲೇ ಒಂದು ಮಾತು ಹೇಳಿಯಾಗಿತ್ತು. ಯುಗಾದಿಯೊಳಗೆ ಕೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ಬಂದ ಗಂಡಿಗೆ ಹೂಂ ಅನ್ನಬೇಕು. ಯುಗಾದಿಗೆ ಇನ್ನು ಎರಡೇ ತಿಂಗಳಿತ್ತು.

ನಾನು ಜೀಪು ಹತ್ತಲಿಲ್ಲ. ಕಾಲೇಜಿನ ಗೆಳತಿ, ಚಿಲಮತ್ತೂರಿನ ಸುಜಾತ, ಹಿಂದೂಪುರದ ಒಂದು ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿದ್ದಳು. ಅವಳ ಒಂಟಿ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಉಳಿದೆ.

ನೂರು ಕಿಲೋಮೀಟರಿನ ಆಚೆ ಏನು ಮಹಾ ಪರದೇಶ ಎಂದು ನೀವು ನಗಬಹುದು. ತೆಲುಗು ಕನ್ನಡ ಎರಡೂ ಅಲ್ಲಿಯಂತೆಯೇ ಇಲ್ಲಿಯೂ ಒಂದೇ ಬಾಯಲ್ಲಿ ಬರುತ್ತವೆ, ನಿಜ. ಆದರೆ ನಮ್ಮೂರಿನಲ್ಲಿ ಹೊಸ ಮುಖ ಕಂಡರೆ "ಯಾರ ಮಗಳಮ್ಮ?" ಎಂದು ಕೇಳುತ್ತಾರೆ. ಹಿಂದೂಪುರದಲ್ಲಿ ಮನೆ ಮಾಲೀಕರಿಂದ ಹಿಡಿದು ಸೊಪ್ಪು ಮಾರುವ ಅಜ್ಜಿಯವರೆಗೆ ಎಲ್ಲರೂ ಕೇಳುವುದು "ಯಾವ ಕಂಪನಿ?" ಎಂದು. ಮೊದಲ ಪ್ರಶ್ನೆಗೆ ಹುಟ್ಟಿದಾಗಿನಿಂದ ಉತ್ತರವಿದೆ. ಎರಡನೆಯದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಊರಿನಲ್ಲಿ ಹತ್ತು ಜನಕ್ಕೆ ಮುದ್ದೆ ತೊಳಸಿ ರೂಢಿಯಾದ ಕೈ ಇಲ್ಲಿ ಒಬ್ಬಳಿಗೆ ಎಷ್ಟು ಹಿಟ್ಟು ಎಂದು ತಿಳಿಯದೆ ತಡವರಿಸುತ್ತಿತ್ತು. ಸುಜಾತ ಎರಡನೇ ಶಿಫ್ಟಿಗೆ ಹೋದ ದಿನ ಉಳಿದ ಮುದ್ದೆಯನ್ನು ನೋಡಿ ಊರು ನೆನಪಾಗಿ ಕಣ್ಣೀರು ಬರುತ್ತಿತ್ತು.

ಒಂದು ಸಂಜೆ ಸುಜಾತ ನನ್ನ ಬಯೋಡೇಟಾ ಓದಿ ಬಿದ್ದು ಬಿದ್ದು ನಕ್ಕಳು. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದ್ದು. ಅಲ್ಲಿ ಎಲ್ಲರಿಗೂ ಒಂದೇ ನಮೂನೆ, ಹೆಸರು ಮಾತ್ರ ಬೇರೆ. ನನ್ನ ಹವ್ಯಾಸದ ಜಾಗದಲ್ಲಿ 'ಈಜು' ಎಂದಿತ್ತು.

"ಲೇ, ಕಂಬದೂರಲ್ಲಿ ಎಲ್ಲಿ ಈಜ್ತೀಯಾ? ಬಿಂದಿಗೇಲಾ?" ಎಂದಳು. "ನಿಂಗೆ ನಿಜವಾಗ್ಲೂ ಏನ್ ಬರ್ತದೆ ಹೇಳು."

"ನಂಗೇನು ಬರ್ತದೆ, ಏನೂ ಇಲ್ಲ" ಎಂದೆ. ನಮ್ಮ ಕಡೆ ಹಾಗೆನ್ನುವುದೇ ಮರ್ಯಾದೆ. ಬರುತ್ತದೆ ಎಂದರೆ ಜಂಬ. ಸುಜಾತ ಬಿಡಲಿಲ್ಲ. ಚಿಕ್ಕಂದಿನಿಂದ ಏನು ಕೆಲಸ ಮಾಡಿದ್ದೀಯ ಎಂದು ಕೆದಕಿದಳು. ಕಾಯಿ ಬಿಡಿಸಿದ್ದೇನೆ, ಬಿತ್ತನೆ ಬೀಜ ಆರಿಸಿದ್ದೇನೆ, ಕಿವಿಯ ಹತ್ತಿರ ಕಾಯಿ ಅಲ್ಲಾಡಿಸಿ ಒಣಗಿದೆಯೋ ಇಲ್ಲವೋ ಹೇಳುತ್ತೇನೆ ಎಂದೆ. ಅವಳು ಹಣೆ ಚಚ್ಚಿಕೊಂಡಳು. ಚಿಕ್ಕಿ ಕಾರ್ಖಾನೆಗೆ ಕೊಟ್ಟ ಕಾಗದದಲ್ಲಿ ಈಜು ಬರೆದು, ಕಡಲೆಕಾಯಿಯನ್ನೇ ಬಿಟ್ಟಿದ್ದೆ ನಾನು!

ಕೆಲಸ ಹುಡುಕುತ್ತಿರುವ ತಂಗಿಯರೇ, ತಮ್ಮಂದಿರೇ, ಇದೊಂದು ಮಾತು ಕೇಳಿ. ಕಾಗದವನ್ನು ನೀವೇ ಬರೆಯಿರಿ. ಕೈಗೆ ರೂಢಿಯಾದ ಕೆಲಸ ಯಾವುದಿದೆಯೋ ಅದನ್ನು ಮೊದಲು ಬರೆಯಿರಿ, ಅದು ಹೊಲದ್ದಾದರೂ ಸರಿ, ಅಡುಗೆಮನೆಯದಾದರೂ ಸರಿ. ಬಾರದ್ದನ್ನು ಬರೆಯಬೇಡಿ. ಒಮ್ಮೆ ಬೇಡ ಎಂದವರ ಬಾಗಿಲಿಗೆ ಮತ್ತೆ ಹೋಗಲು ನಾಚಬೇಡಿ, ಅವರಿಗೂ ಜನ ಸಿಕ್ಕಿರುವುದಿಲ್ಲ. ಹೋಗುವಾಗ ದಯವಿಟ್ಟು ಒಬ್ಬರೇ ಹೋಗಿ.

ನಾನೂ ಹೊಸ ಕಾಗದ ಬರೆದುಕೊಂಡು ಅದೇ ಚಿಕ್ಕಿ ಕಾರ್ಖಾನೆಗೆ ಒಬ್ಬಳೇ ಹೋದೆ. ಮೇಡಂ ಗುರುತು ಹಿಡಿದು, "ಮಾವ ಎಲ್ಲಮ್ಮ?" ಎಂದರು. ಕಾಗದ ಓದಿದ ಮೇಲೆ ಮೂರು ತಟ್ಟೆಗಳಲ್ಲಿ ಕಾಯಿ ತರಿಸಿ ಮುಂದಿಟ್ಟರು. ಅಲ್ಲಾಡಿಸಿದೆ. ಎರಡು ಗಲಗಲ ಎಂದವು. ಮೂರನೆಯದು ಸದ್ದೇ ಮಾಡಲಿಲ್ಲ. ಒಡೆದರೆ ಮುಗ್ಗಲು ವಾಸನೆ.

"ಇದನ್ನ ನಾನಾದ್ರೆ ಇಳಿಸ್ಕೊಳ್ಳಲ್ಲ ಮೇಡಂ."

"ಇದು ನಮ್ಮ ಓನರ್ ಭಾವಮೈದುನನ ಲೋಡು."

ಯುಗಾದಿಗೆ ಮೂರು ವಾರವಿತ್ತು. ತಲೆ ತಗ್ಗಿಸಿಬಿಡೋಣ ಎನ್ನಿಸಿತು. ತಗ್ಗಿಸಲಿಲ್ಲ. "ಯಾರದಾದ್ರೂ ಒದ್ದೆ ಕಾಯಿ ಒದ್ದೆ ಕಾಯೇ ಮೇಡಂ. ವದ್ದು" ಎಂದೆ. ಅವರು ಪೆನ್ನಿನ ಮುಚ್ಚಳ ತೆಗೆದರು. ಹೊರಗೆ ಬಂದು ಅದೇ ಬೇವಿನ ಮರದಡಿ ನಿಂತೆ. ಕೆಲಸ ಸಿಕ್ಕಿತೆಂದು ಊರಿಗೆ ಫೋನು ಮಾಡಿದರೆ ಅಮ್ಮನಿಗಿಂತ ಮೊದಲು ಮಾವ ಅತ್ತ.

ಇದೆಲ್ಲ ಆಗಿ ಮೂರು ವರ್ಷ. ಈಗ "ಯಾವ ಕಂಪನಿ?" ಎಂದರೆ ಕೇಳಿ ಮುಗಿಯುವುದರೊಳಗೆ ಹೇಳುತ್ತೇನೆ. ಒಬ್ಬಳಿಗೆ ಎಷ್ಟು ಹಿಟ್ಟು ಎಂಬುದೂ ಕೈಗೆ ತಿಳಿದಿದೆ. ಊರಿಗೆ ಹೋದರೆ ಅಮ್ಮ ನನ್ನ ಮುದ್ದೆ ನೋಡಿ "ಇದೇನು ನಿಂಬೆಹಣ್ಣು ಕಟ್ಟಿದ್ದೀಯಾ?" ಎನ್ನುತ್ತಾಳೆ.

ಹೋದ ತಿಂಗಳು ಮಾವನೇ ಕೆಲಸ ಹುಡುಕಿಕೊಂಡು ಬಂದ. ಆಟೊಗಳು ಹೆಚ್ಚಾಗಿ ಅವನ ಜೀಪಿಗೆ ಜನ ಹತ್ತುತ್ತಿರಲಿಲ್ಲ. ನಮ್ಮ ಪಕ್ಕದ ಗಾರ್ಮೆಂಟ್ಸಿನಲ್ಲಿ ಹೆಂಗಸರನ್ನು ಹಳ್ಳಿಗಳಿಂದ ಕರೆತರುವ ಬಸ್ಸಿಗೆ ಡ್ರೈವರ್ ಬೇಕಿತ್ತು. "ನಂದೇನೈತೆ ಬರೆಯಾಕೆ? ಐವತ್ತಾಯ್ತು, ಬರೀ ಡ್ರೈವರ್ರು" ಎಂದ. ನಾನೇ ಕೂತು ಅವನ ಇಪ್ಪತ್ತು ವರ್ಷವನ್ನು ಒಂದು ಪುಟಕ್ಕೆ ಇಳಿಸಿದೆ. ಕೇಳಿದ್ದಕ್ಕೆ ನೀನೇ ಉತ್ತರ ಕೊಡಬೇಕು, ಆಗದ್ದನ್ನು ಆಗಲ್ಲ ಎನ್ನಬೇಕು ಎಂದು ಹೇಳಿಕೊಟ್ಟೆ.

ಆ ಕೋಣೆಯಲ್ಲೂ ಒಂದೇ ಕುರ್ಚಿ. ಮಾವ ಕೂತ. ಹಿಂದೆ ನಾನು ನಿಂತೆ.

"ಹೆಸರು?" ಎಂದರು ಸಾಹೇಬರು.

"ತಿಪ್ಪೇಸ್ವಾಮಿ ಸರ್" ಎಂದೆ ನಾನು.

"ಎಷ್ಟು ವರ್ಷದ ಅನುಭವ?"

"ಇಪ್ಪತ್ತು ಸರ್. ಒಂದು ಆಕ್ಸಿಡೆಂಟೂ ಇಲ್ಲ. ಭಾಳ ಒಳ್ಳೇ ಮನುಷ್ಯ."

ಮಾವ ತಿರುಗಿ ನನ್ನನ್ನೇ ನೋಡಿದ. "ನನ್ನ ಕೇಳ್ತಾವ್ರೆ ಕಣಮ್ಮ. ನೀನು ಆಚೆ ಹೋಗಿ ಕೂತ್ಕೋ."

ಆಚೆ ಹೋದೆ, ಕೂರಲಾಗಲಿಲ್ಲ. ಕಿಟಕಿಯಲ್ಲಿ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಅವತ್ತು ಐದು ಜನ ಯಾಕೆ ಬಂದಿದ್ದೆವೆಂದು ಈಗ ಗೊತ್ತಾಯಿತು. ನಮ್ಮವರನ್ನು ಯಾರೋ ಅಳೆಯುವಾಗ ಮನೆಯಲ್ಲಿ ಕೂತಿರಲು ಆಗುವುದಿಲ್ಲ. ಒಳಗಿನಿಂದ ಅವನ ದನಿ ಕೇಳಿಸಿತು. "ಸೀಟಿಗಿಂತ ಜಾಸ್ತಿ ಹತ್ತಿಸ್ಕೊಳ್ಳಲ್ಲ ಸಾರ್. ಜೀಪಲ್ಲಿ ಮಾಡ್ದೆ, ಇನ್ಮ್ಯಾಕೆ ಮಾಡಲ್ಲ." ಸಾಹೇಬರು ನಕ್ಕರು. ಸೋಮವಾರದಿಂದ ಬನ್ನಿ ಎಂದರು.

ನನ್ನ ಕಣ್ಣು ತುಂಬಿದ್ದು ನೋಡಿ ಗೇಟಿನವರು ಹತ್ತಿರ ಬಂದರು. ನನ್ನ ಕೊರಳಲ್ಲಿದ್ದ ಕಾರ್ಡಿನ ಕಡೆ ಕಣ್ಣು ಹಾಯಿಸಿ, "ಯಾವ ಕಂಪನಿಯಮ್ಮ?" ಎಂದರು.

"ತಿಪ್ಪೇಸ್ವಾಮಿಯ ಅಕ್ಕನ ಮಗಳು ಕಣಣ್ಣ" ಎಂದೆ.