ಇಟಲಿಗೆ ಹೊರಟ ಎಂಟು ಪಾಸ್‌ಪೋರ್ಟ್

ಕೋವಿಡ್ ಕಳೆದ ಮೂರನೆಯ ವರ್ಷ. ನಾನು ಕುಷ್ಟಗಿಯಲ್ಲಿ ಕಾರ್ಮಿಕ ನಿರೀಕ್ಷಕನಾಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಬೇವೂರಿನ ಹನುಮವ್ವ ದಾಳಿಂಬೆ ಗಿಡ ಸವರುವ ತಂಡದ ಮುಖ್ಯಸ್ಥೆ. ಹಂಗಾಮು ಶುರುವಾಗುವ ಮುನ್ನ ನನ್ನ ಕಚೇರಿಗೆ ಬಂದು, ಸರ್ಕಾರಿ ಕನಿಷ್ಠ ಕೂಲಿ ಎಷ್ಟೆಂದು ಕೇಳಿಕೊಂಡೇ ತೋಟದ ಮಾಲೀಕರ ಜೊತೆ ಮಾತಿಗೆ ಕೂರುತ್ತಿದ್ದಳು.

"ಈ ಸಲ ಯುರೋಪಿನ ರೇಟು ಹೇಳ್ರಿ, ಸಾಹೇಬ್ರ" ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ. ಗಂಗಾವತಿಯ ಏಜೆಂಟನೊಬ್ಬ ಅವಳನ್ನೂ ತಂಡದ ಏಳು ಮಂದಿಯನ್ನೂ ಯುರೋಪಿನ ಹಣ್ಣಿನ ತೋಟದ ಕೆಲಸಕ್ಕೆ ಕಳಿಸಲಿದ್ದ. ವಿಮಾನಕ್ಕೆ ನಾಲ್ಕೇ ದಿನ.

ಯುರೋಪಿಗೆಲ್ಲ ಒಂದೇ ರೇಟು ಇಲ್ಲ ಎಂದು ಬಿಡಿಸಿ ಹೇಳಿದೆ. ಜರ್ಮನಿಯಲ್ಲಿ ಕನಿಷ್ಠ ಕೂಲಿಗೆ ದೇಶಕ್ಕೆಲ್ಲ ಒಂದು ಕಾನೂನಿದೆ. ಇಟಲಿಯಲ್ಲಿ ಅದಿಲ್ಲ, ಕಾರ್ಮಿಕ ಸಂಘಗಳೂ ಮಾಲೀಕರೂ ಮಾಡಿಕೊಂಡ ಒಪ್ಪಂದವೇ ಆಧಾರ. ಆಮೇಲೆ ಅವಳ ಮೊಬೈಲಿನಲ್ಲಿದ್ದ ಕಾಗದಗಳನ್ನು ನೋಡಿದೆ. ವೀಸಾ ಇಟಲಿಯದು, ಕೆಲಸದ ಪತ್ರ ಜರ್ಮನಿಯ ತೋಟದ್ದು. ಒಂದು ದೇಶದ ಹಂಗಾಮಿ ವೀಸಾ ಹಿಡಿದು ಇನ್ನೊಂದು ದೇಶದಲ್ಲಿ ದುಡಿದರೆ ಅದು ಅಕ್ರಮ. ಕೂಲಿ ಕೊಡದಿದ್ದರೂ ಠಾಣೆಯ ಮೆಟ್ಟಿಲು ಹತ್ತಲು ಭಯಪಡಬೇಕು.

"ಪಾಸ್‌ಪೋರ್ಟ್ ಎಲ್ಲಿ?"

"ಏಜೆಂಟನ ಕಡೆ ಅದಾವ್ರಿ. ಎಂಟೂ ನಾನ ಒಯ್ದು ಕೊಟ್ಟೀನಿ."

ನಮ್ಮಲ್ಲಿ ಗುಳೆ ಹೋಗುವವರು ಆಧಾರ್ ಕಾರ್ಡನ್ನು ಮೇಸ್ತ್ರಿಯ ಕೈಗಿಡುವುದು ರೂಢಿ. ಹಂಗಾಮು ಮುಗಿದ ಮೇಲೆ ವಾಪಸ್. ಕೊಡದಿದ್ದರೆ ನಂಬಿಕೆಯಿಲ್ಲ ಎಂದರ್ಥ. ಅದೇ ರೂಢಿಯಲ್ಲಿ ಹನುಮವ್ವ ಪಾಸ್‌ಪೋರ್ಟನ್ನೂ ಕೊಟ್ಟಿದ್ದಳು.

ಮೇಲಧಿಕಾರಿಗೆ ಫೋನ್ ಮಾಡಿದೆ. "ವಿದೇಶದ ಏಜೆಂಟರು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದರು. ನಿಜ, ಅದು ಕೇಂದ್ರದ ವಲಸೆ ಕಚೇರಿಯ ಕೆಲಸ. ಅಲ್ಲಿಗೆ ದೂರು ಕಳಿಸಿದೆ. ಆದರೆ ನಾಲ್ಕು ದಿನದೊಳಗೆ ಉತ್ತರ ಕೊಟ್ಟ ಕಚೇರಿಯನ್ನು ನನ್ನ ಇಡೀ ನೌಕರಿಯಲ್ಲಿ ಕಂಡಿರಲಿಲ್ಲ. ರಜೆ ಚೀಟಿ ಬರೆದಿಟ್ಟು, ಮರುದಿನ ಬೆಳಿಗ್ಗೆ ಆ ಎಂಟು ಮಂದಿಯೊಂದಿಗೆ ಗಂಗಾವತಿ ಬಸ್ ಹತ್ತಿದೆ.

ಏಜೆಂಟ್ ನನಗೆ ಕುರ್ಚಿ ಹಾಕಿ ಚಹಾ ತರಿಸಿದ. ಇಟಲಿಯ ವೀಸಾ, ಜರ್ಮನಿಯ ಪತ್ರ ಎರಡನ್ನೂ ಅವನ ಮುಂದೆ ಹಿಡಿದೆ. "ಒಳಗ ಹೋದ ಮ್ಯಾಲ ಗೇಟ ಇಲ್ರಿ ಸರ್. ಯುರೋಪ್ ಎಲ್ಲಾ ಒಂದ" ಎಂದ.

"ಹಂಗಾದ್ರ ಕಾಗದದಾಗ ಎರಡು ದೇಶ ಯಾಕ ಬರದಿ?" ಎಂದಳು ಹನುಮವ್ವ. ಏಜೆಂಟ್ ಚಹಾ ಲೋಟವನ್ನು ನನ್ನತ್ತ ಸರಿಸಿದ. ಹನುಮವ್ವ ಹೊಸ್ತಿಲಲ್ಲೇ ಕೂತಳು, ಉಳಿದವರೂ ಕೂತರು. "ಪಾಸ್‌ಪೋರ್ಟ್ ಕೊಡೂತನಕ ಏಳಾಂಗಿಲ್ಲ. ಬಂದವರಿಗೆಲ್ಲಾ ಇದನ್ನ ಹೇಳ್ಕೊಂತ ಕೂಡ್ತೀವಿ." ಹೇಳಿದಂತೆಯೇ ಮಾಡಿದರು. ವಿದೇಶದ ಕೆಲಸ ವಿಚಾರಿಸಲು ಬಂದ ಮೂವರು ಹೊರಗಿನಿಂದಲೇ ವಾಪಸಾದರು. ಮಧ್ಯಾಹ್ನದ ಹೊತ್ತಿಗೆ ಎಂಟೂ ಪಾಸ್‌ಪೋರ್ಟ್ ಮೇಜಿನ ಮೇಲೆ ಬಂದವು.

ಬಸ್ಸಿನಲ್ಲಿ ನಾನು ದೊಡ್ಡಸ್ತಿಕೆಯಿಂದ, "ಪಾರಾದಿರಿ. ಇನ್ನು ವಿದೇಶದ ಸಹವಾಸ ಬೇಡ" ಎಂದೆ.

ಹನುಮವ್ವ ನನ್ನ ಮೇಲೂ ತಿರುಗಿಬಿದ್ದಳು. "ಯಾಕ ಬ್ಯಾಡ್ರಿ? ಕಳ್ಳ ಅಂವ. ನಾವ್ಯಾಕ ಮನ್ಯಾಗ ಕೂಡಬೇಕು? ಸೀದಾ ದಾರಿ ಯಾವುದೈತಿ, ಅದನ್ನ ತೋರಸ್ರಿ."

ನನಗೆ ನಾಚಿಕೆಯಾಯಿತು. ಅಷ್ಟು ವರ್ಷ ಕಾರ್ಮಿಕರನ್ನು ತಡೆಯುವುದನ್ನೇ ರಕ್ಷಣೆ ಎಂದುಕೊಂಡಿದ್ದೆ. ಹೋಗುವವರ ಕೈಗೆ ಕಾನೂನು ಕೊಟ್ಟು ಕಳಿಸುವುದು ನನ್ನ ಕೆಲಸ ಎಂದು ಕಲಿತದ್ದು ಆ ಬಸ್ಸಿನಲ್ಲಿ. ನೋಂದಾಯಿತ ಏಜೆನ್ಸಿ ಹುಡುಕಿ, ಇಟಲಿಯ ಕರಾರನ್ನು ಕನ್ನಡಕ್ಕೆ ಮಾಡಿಸಿ, ಸಾಲು ಸಾಲಾಗಿ ಓದಿ ಹೇಳಿದೆ. ಮುಂದಿನ ಹಂಗಾಮಿಗೆ ಎಂಟೂ ಮಂದಿ ಹೊರಟರು.

ಅಲ್ಲಿ ಇಳಿದ ವಾರ ಹನುಮವ್ವ ಫೋನ್ ಮಾಡಿದಳು. ಮೊದಲ ದಿನವೇ ತೋಟದ ಮೇಲ್ವಿಚಾರಕ, ಜೋಪಾನವಾಗಿ ಇಡುತ್ತೇನೆಂದು ಎಲ್ಲರ ಪಾಸ್‌ಪೋರ್ಟ್‌ಗೆ ಕೈ ಚಾಚಿದನಂತೆ.

"ಏನಂದ್ರಿ?" ಎಂದೆ.

"ಕೊಡಾಂಗಿಲ್ಲ ಅಂದ್ವಿ. ಎಂಟೂ ಮಂದಿ ಕೂಡೇ, ಕನ್ನಡದಾಗ ಅಂದ್ವಿ. ಅವಗ ಛಲೋ ತಿಳೀತ್ರಿ."