ವ್ಯಾನಿನಷ್ಟು ಅಗಲದ ಬಿದಿರು

ಚಾಚಾರ ತೋರುಬೆರಳನ್ನು ಮೊಬೈಲು ಒಪ್ಪುತ್ತಿರಲಿಲ್ಲ. ವರ್ಷಗಟ್ಟಲೆ ಹೊಲಿಗೆ ಮೆಷಿನ್ನುಗಳಿಗೆ ಎಣ್ಣೆ ಬಿಟ್ಟು, ಅರ ಉಜ್ಜಿ, ಆ ಬೆರಳಿನ ತುದಿ ಸವೆದು ಕಲ್ಲಾಗಿತ್ತು. ಹಾಗಾಗಿ ಅವರು ಪರದೆಯನ್ನು ಉಂಗುರದ ಬೆರಳಿನಿಂದ ಮುಟ್ಟುತ್ತಿದ್ದರು, ಮಗುವಿಗೆ ಜೇನು ನೆಕ್ಕಿಸುವವರ ಹಾಗೆ.

ಗುಬ್ಬಿಯಲ್ಲಿ ಅವರದೊಂದು ಮೆಷಿನ್ ರಿಪೇರಿ ಅಂಗಡಿ ಇತ್ತು. ಸದಾ ಬಾಗಿಲು ಹಾಕಿರುತ್ತಿದ್ದ ಅಂಗಡಿ. ಅವರು ಬೇಕೆಂದರೆ ಊರ್ಡಿಗೆರೆ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಮೊಪೆಡ್ ಮೇಲೆ ಹುಡುಕಬೇಕು. ಊರುಗಳನ್ನು ಅವರು ನೆನಪಿಟ್ಟುಕೊಂಡದ್ದೂ ಮೆಷಿನ್ನುಗಳಿಂದಲೇ. ಒಂದು ಊರಿನ ಹೆಸರೆತ್ತಿದರೆ ಸಾಕು, ಪೆಡಲಿನವು ಮೂರು, ಮೋಟಾರಿನದು ಒಂದು, ಮೋಟಾರಿನಾಕೆ ಬಲು ಜೋರು ಎಂದು ವರದಿ ಒಪ್ಪಿಸುತ್ತಿದ್ದರು. ನಮ್ಮಮ್ಮನ ಮೆಷಿನ್ ನೋಡಲು ಬರುತ್ತಿದ್ದ ಚಾಚಾ ನನ್ನನ್ನು ಚಿಕ್ಕಂದಿನಿಂದ ಬೇಟಿ ಎನ್ನುತ್ತಿದ್ದರು. ನಾನು ದನದ ಡಾಕ್ಟರಾದ ಮೇಲೂ ಬೇಟಿಯೇ.

ಕುಣಿಗಲ್ಲಿನಲ್ಲಿ ಜಾನುವಾರು ಚಿಕಿತ್ಸೆಯ ವ್ಯಾನಿಗೆ ಸೇರಿದಾಗ ನನಗೆ ರೋಗಕ್ಕಿಂತ ದಾರಿಯದೇ ತಲೆನೋವು. ಆಗ ಗೆಳತಿಯೊಬ್ಬಳು ಒಂದು ಆ್ಯಪ್ ಹಾಕಿಕೊಟ್ಟಳು. ಜನರೇ ರಸ್ತೆ ಗುರುತಿಸಿ ಜನರೇ ತಿದ್ದುವ ನಕ್ಷೆಯೊಂದಿದೆ, ಅದನ್ನು ನೋಡಿ ಆ್ಯಪ್ ದಾರಿ ಹೇಳುತ್ತದೆ. ಎರಡೂ ಪುಕ್ಕಟೆ. ಆ್ಯಪ್ ಒಳಗೆ ಏನಿದೆ ಎಂಬುದನ್ನೂ ಯಾರು ಬೇಕಾದರೂ ತೆಗೆದು ನೋಡಬಹುದು. ಒಂದು ಭಾನುವಾರ ಇದನ್ನು ಅಮ್ಮನಿಗೆ ವಿವರಿಸುತ್ತಿದ್ದಾಗ, ಮೆಷಿನ್ ಬಿಚ್ಚಿಕೊಂಡು ಕೂತಿದ್ದ ಚಾಚಾ ತಲೆಯೆತ್ತಿದರು.

"ಬಿಚ್ಚಿ ನೋಡೋಕೆ ಬಿಡ್ತಾರಾ? ಹಂಗಾದ್ರೆ ಒಳ್ಳೆ ಮೆಷಿನ್ನೇ ಕಣಮ್ಮ ಅದು."

ಆದರೆ ಹುತ್ರಿದುರ್ಗದ ಸುತ್ತ ನಕ್ಷೆ ಬೋಳಾಗಿದ್ದದ್ದನ್ನು ಕಂಡು ಅವರಿಗೆ ಸಿಟ್ಟು ಬಂತು. ಎಂಟು ಮೆಷಿನ್ ಇರುವ ಊರನ್ನೇ ಇಲ್ಲವೆಂದರೆ ಹೇಗೆ ಎಂದು ನನ್ನ ಮೇಲೆ ರೇಗಿದರು. ರಸ್ತೆ ಸೇರಿಸುವುದನ್ನು ಅವತ್ತೇ ನನ್ನಿಂದ ಕಲಿತರು. ಅಲ್ಲಿಂದಾಚೆಗೆ ಮೊಪೆಡ್ ಹೋದಲ್ಲೆಲ್ಲ ನಕ್ಷೆಯಲ್ಲಿ ರಸ್ತೆ ಹುಟ್ಟಿತು. ಎಡವಟ್ಟಾದದ್ದೂ ಅಲ್ಲೇ. ಮೊಪೆಡ್ ಹೋಗುವ ಜಾಗವೆಲ್ಲ ಚಾಚಾರ ಪಾಲಿಗೆ ರಸ್ತೆ.

ಹುತ್ರಿದುರ್ಗದ ತಪ್ಪಲಿನ ಒಂದು ಹಳ್ಳಿಯಿಂದ ಕರೆ ಬಂತು. ಹಸು ಬೆಳಗಿನಿಂದ ನೋವು ತಿನ್ನುತ್ತಿದೆ, ಕರು ಅಡ್ಡ ಸಿಕ್ಕಿಕೊಂಡಿದೆ. ಆ್ಯಪ್ ನಮ್ಮನ್ನು ಕೆರೆ ಏರಿಯ ಮೇಲೆ ಹತ್ತಿಸಿತು. ಅರ್ಧ ದೂರ ಹೋದ ಮೇಲೆ ಏರಿ ಎಷ್ಟು ಕಿರಿದಾಯಿತೆಂದರೆ ಒಂದು ಚಕ್ರ ಗಾಳಿಯಲ್ಲಿತ್ತು. ಅಷ್ಟುದ್ದಕ್ಕೂ ರಿವರ್ಸ್ ಬಂದು, ಕೇಳಿಕೊಂಡು ಸುತ್ತಿ ಹೋಗುವಷ್ಟರಲ್ಲಿ ಕರು ಹೊಟ್ಟೆಯಲ್ಲೇ ಸತ್ತಿತ್ತು. ಹಸು ಉಳಿಯಿತು. ಎಲ್ಲರೂ ಫೋನಿಗೆ ಶಾಪ ಹಾಕಿದರು.

ಚಾಚಾರಿಗೆ ಹೇಳಿದಾಗ ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. ಏರಿಯನ್ನು ನಕ್ಷೆಗೆ ಹಾಕಿದ್ದು ತಾನೇ ಎಂದರು. ಯಾರಿಗೂ ಗೊತ್ತಿಲ್ಲ, ಬಿಡಿ ಚಾಚಾ, ಎಂದೆ. ಇವತ್ತಿಗೂ ಆ ಮಾತಿಗೆ ನನಗೆ ನಾಚಿಕೆಯಿದೆ.

"ಹೊಲಿಗೆ ಬಿಟ್ಟಿದ್ದು ಯಾರು ಅಂತ ಬಟ್ಟೆಗೆ ಗೊತ್ತಿರಲ್ಲ ಬೇಟಿ. ಹೊಲ್ದೋನಿಗೆ ಗೊತ್ತಿರುತ್ತೆ" ಎಂದರು.

ಮರುದಿನ ನನ್ನನ್ನೂ ಕರೆದುಕೊಂಡು ಆ ಮನೆಗೆ ಹೋದರು. ಕೊಟ್ಟಿಗೆಯ ಮುಂದೆ ನಿಂತು, ದಾರಿ ತಪ್ಪಾಗಿ ತೋರಿಸಿದವನು ನಾನು ಎಂದು ಒಪ್ಪಿಕೊಂಡರು. ಹಸುವಿನ ಒಡತಿ ಒಳಗಿಂದ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು.

"ಹೋಗಿದ್ದು ಬರಾಕಿಲ್ಲ ಬುಡಿ ಸಾಬ್ರೆ. ಮುಂದಿನ ವರ್ಸ ಇದು ಮತ್ತೆ ಕರು ಹಾಕ್ತದೆ. ಅಷ್ಟೊತ್ಗೆ ದಾರಿ ಸರಿ ಮಾಡಿ."

ಮುಂದಿನ ವಾರ ಚಾಚಾ ನಮ್ಮ ವ್ಯಾನಿನ ಅಗಲವನ್ನು ಟೇಪಿನಲ್ಲಿ ಅಳೆದರು. ಅಷ್ಟೇ ಉದ್ದದ ಬಿದಿರನ್ನು ಮೊಪೆಡ್ಡಿನ ಕ್ಯಾರಿಯರ್ ಮೇಲೆ ಅಡ್ಡಡ್ಡ ಕಟ್ಟಿಕೊಂಡು, ತಾವು ಹಾಕಿದ್ದ ಒಂದೊಂದು ರಸ್ತೆಯ ಮೇಲೂ ಮತ್ತೆ ಹೊರಟರು. ಬಿದಿರು ಬೇಲಿಗೆ ತಾಗಿತೋ, ಅಲ್ಲೇ ಇಳಿದು ಬೈಕಿಗೆ ಮಾತ್ರ ಎಂದು ನಕ್ಷೆಯಲ್ಲಿ ತಿದ್ದುತ್ತಿದ್ದರು. ಊರ್ಡಿಗೆರೆಯ ಹೆಂಗಸರು ಬಿದಿರಿಗೆಷ್ಟು ಎಂದು ಕೇಳಿದರಂತೆ. ಕುಣಿಗಲ್ ಪೇಟೆಯಲ್ಲಿ ಆಟೊದವನೊಬ್ಬ ಸರಿಯಾಗಿ ಬೈದನಂತೆ. ಒಂದು ಹಿತ್ತಿಲಿನಲ್ಲಿ ಬಿದಿರು ಯಾರದೋ ಒಣಗುತ್ತಿದ್ದ ಸೀರೆಯನ್ನು ಎಳೆದುಕೊಂಡು ಹೋಗಿ, ಹಿಂದೆ ಮೂರು ನಾಯಿ, ಒಬ್ಬ ಅಜ್ಜಿ. ಇದನ್ನೆಲ್ಲ ಅಮ್ಮನಿಗೆ ಹೇಳಿ ತಾವೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹುತ್ರಿದುರ್ಗದ ಸುತ್ತಲಿನದನ್ನು ಕಡೆಗೆ ಇಟ್ಟುಕೊಂಡಿದ್ದರು. ಒಂದು ಶುಕ್ರವಾರ ಅದೂ ಮುಗಿಯಿತೆಂದು ಫೋನ್ ಮಾಡಿದರು. ಅದೇ ತಿಂಗಳು, ನಮಾಜು ಮುಗಿಸಿ ಬಂದು ಮಲಗಿದವರು ಏಳಲಿಲ್ಲ. ಎದೆನೋವು ಎಂದು ಯಾರಿಗೂ ಹೇಳಿರಲಿಲ್ಲ.

ಮರುವರ್ಷ ಅದೇ ಹಸುವಿಗೆಂದು ಆ ಹಳ್ಳಿಯಿಂದ ಮತ್ತೆ ಕರೆ ಬಂದಾಗ ಅವರಿರಲಿಲ್ಲ. ಆ್ಯಪ್ ಈ ಸಲ ಏರಿಯನ್ನು ಬಿಟ್ಟು, ತೋಪಿನ ಹಿಂದಿನಿಂದ ಸುತ್ತಿಸಿ, ನೇರವಾಗಿ ಕೊಟ್ಟಿಗೆಯ ಮುಂದೆ ತಂದು ನಿಲ್ಲಿಸಿತು. ಕರುವಿನ ಕಾಲು ಮಡಚಿಕೊಂಡಿತ್ತು. ಬಿಡಿಸಿ ಎಳೆದೆವು. ಹೆಣ್ಣುಗರು. ಒಡತಿ ಅದರ ಮೂಗು ಒರೆಸುತ್ತ ಸಾಬರು ಯಾಕೆ ಬರಲಿಲ್ಲ ಎಂದು ಕೇಳಿದಳು. ಹೇಳಿದೆ. ಅವಳ ಕೈ ನಿಂತಿತು.

"ಕೊಟ್ಟ ಗಡುವಿನೊಳ್ಗೇ ಮುಗ್ಸವ್ರೆ ಕಣಮ್ಮ" ಎಂದಳು.

ಕರು ಆಗಲೇ ಏಳಲು ನೋಡುತ್ತಿತ್ತು. ನಾನು ಅಳುತ್ತಲೇ ಅದರ ಹೊಕ್ಕುಳಿಗೆ ಔಷಧಿ ಹಚ್ಚಿದೆ.